ಕೆಂಡ, ಹೊಗೆ, ಮುಚ್ಚಳ: ಗುಜರಾತಿನ ಮೂರು ಊರುಗಳಲ್ಲಿ ಒಂದು ಹಳೆಯ ಅಡಿಗೆಯ ಜಾಡು

ಹೊರನಾಡಿಗೆ ಬಂದ ಕನ್ನಡಿಗನು ಗಂಟುಮೂಟೆಯೊಡನೆ ತನ್ನ ನಾಲಗೆಯನ್ನೂ ಹೊತ್ತು ತರುತ್ತಾನೆ. ನಾಲಗೆಗೆ ನುಡಿ ಒಂದು ಕೆಲಸ, ರುಚಿ ಇನ್ನೊಂದು. ನುಡಿಯ ವಿಚಾರವಾಗಿ ನಮ್ಮ ಸಂಘಗಳಲ್ಲಿ ಸಭೆಗಳಾಗುತ್ತವೆ, ಭಾಷಣಗಳಾಗುತ್ತವೆ, ಮಕ್ಕಳಿಗೆ ಕನ್ನಡ ತರಗತಿಗಳೂ ನಡೆಯುತ್ತವೆ. ರುಚಿಯ ವಿಚಾರ ಬಂದಾಗ ಮಾತ್ರ ಬಿಸಿಬೇಳೆ ಹುಳಿಯನ್ನ, ಹೋಳಿಗೆ, ಚಿರೋಟಿಗಳ ತನಕ ಬಂದು ನಾವು ಸುಮ್ಮನಾಗುತ್ತೇವೆ. ಯುಗಾದಿಯ ಮರುದಿನದ ಹೊಸತೊಡಕು, ಕರಾವಳಿಯ ಕೆಂಡದ ಮೇಲಿನ ಬಂಗುಡೆ, ಕೊಡಗಿನ ಒಲೆಯ ಮೇಲಿನ ಮಾಂಸ ಇವುಗಳ ಪ್ರಸ್ತಾಪ ಬಂದರೆ ದನಿ ತಗ್ಗುತ್ತದೆ. ಗುಜರಾತಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗೂ ಈ ದನಿ ತಗ್ಗುವುದರ ಕಾರಣವನ್ನು ವಿವರಿಸಿ ಹೇಳಬೇಕಾಗಿಲ್ಲ.

ತಗ್ಗಿದ ದನಿಯಲ್ಲಿ ಹೇಳಿದ ಮಾತು ಮುಂದಿನ ತಲೆಮಾರಿಗೆ ಕೇಳಿಸುವುದಿಲ್ಲ. ಈಚೆಗೆ ನಮ್ಮ ಕೆಲವು ಮನೆಗಳ ತಾರಸಿಯ ಮೇಲೆ ದುಂಡನೆಯ, ಮೂರು ಕಾಲಿನ, ಗುಮ್ಮಟದಂಥ ಮುಚ್ಚಳವುಳ್ಳ ಇದ್ದಿಲೊಲೆ ಕಾಣಿಸಿಕೊಂಡಿದೆ. ಅದಕ್ಕೆ ಕೆಟಲ್ ಗ್ರಿಲ್ ಎಂದು ಹೆಸರು. ಅದರೊಳಗೆ ಮಾಂಸವನ್ನಿಟ್ಟು, ಮುಚ್ಚಿ, ಗಂಟೆಗಟ್ಟಲೆ ಹೊಗೆಯಲ್ಲಿ ಬೇಯಿಸುವುದನ್ನು ಮಕ್ಕಳು ಕಲಿತುಬಂದಿದ್ದಾರೆ. ಇದು ಅಮೆರಿಕದವರ ವಿದ್ಯೆ ಎಂದು ಅವರ ನಂಬಿಕೆ. ಆ ಪಾತ್ರೆಯ ಮಟ್ಟಿಗೆ ಅವರ ಮಾತು ನಿಜವೇ. ೧೯೫೨ರಲ್ಲಿ ಷಿಕಾಗೋ ನಗರದ ವೇಬರ್ ಸಹೋದರರ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬಾತ, ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಯೊಂದನ್ನು ಎರಡು ಹೋಳು ಮಾಡಿ, ಕೆಳಹೋಳಿಗೆ ಕಾಲು, ಮೇಲ್ಹೋಳಿಗೆ ಹಿಡಿ ಮತ್ತು ಗಾಳಿಕಂಡಿ ಇಟ್ಟು ಈ ಒಲೆಯನ್ನು ಮಾಡಿದ. ಆದರೆ ಕೆಂಡವನ್ನು ದೂರವಿಟ್ಟು, ಶಾಖವನ್ನು ಮುಚ್ಚಿಟ್ಟು, ಹೊಗೆಯನ್ನು ಹದದಲ್ಲಿ ಬಳಸುವ ವಿದ್ಯೆಯೂ ಅಲ್ಲಿಯೇ ಹುಟ್ಟಿತೇ? ಅಹಮದಾಬಾದು, ವಡೋದರಾ, ಸೂರತ್ ಈ ಮೂರು ಊರುಗಳ ಸುತ್ತ ಸ್ವಲ್ಪ ಕಣ್ಣಾಡಿಸಿದರೆ ಉತ್ತರ ಸಿಗುತ್ತದೆ. ಆ ಉತ್ತರದಲ್ಲಿ ಕನ್ನಡಿಗರ ಪಾಲು ನಾವು ಎಣಿಸಿದ್ದಕ್ಕಿಂತ ದೊಡ್ಡದು.

ಅಹಮದಾಬಾದು: ಅಗೆದಾಗ ಸಿಕ್ಕ ಒಲೆ

ಅಹಮದಾಬಾದಿನಿಂದ ದಕ್ಷಿಣಕ್ಕೆ ಸುಮಾರು ೮೦ ಕಿಲೋಮೀಟರು ಹೋದರೆ ಲೋಥಲ್ ಇದೆ. ಹರಪ್ಪಾ ನಾಗರಿಕತೆಯ ಈ ಪಟ್ಟಣವನ್ನು ೧೯೫೪ರಲ್ಲಿ ಗುರುತಿಸಿ, ೧೯೫೫ರಿಂದ ಮುಂದೆ ಹಲವು ವರ್ಷ ಅಗೆತ ನಡೆಸಿದವರು ಎಸ್. ಆರ್. ರಾವ್. ಶಿಕಾರಿಪುರ ರಂಗನಾಥರಾಯರು ಎಂಬುದು ಅವರ ಪೂರ್ಣ ಹೆಸರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಅವರು, ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಕೆಲಸ ಮಾಡಿ ಅನಂತರ ಭಾರತ ಸರ್ಕಾರದ ಇಲಾಖೆಯನ್ನು ಸೇರಿದರು. ೨೦೧೩ರಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗಾಗಿ ಗುಜರಾತಿಗೆ ಬಂದ ನಮ್ಮಂಥವರಿಗೆಲ್ಲ ಅವರು ಹಿರಿಯಣ್ಣನಿದ್ದಂತೆ.

ಲೋಥಲ್ಲಿನ ಹಡಗುಕಟ್ಟೆ, ಮಣಿಗಳು, ಮುದ್ರೆಗಳು ಪ್ರಸಿದ್ಧವಾಗಿವೆ. ಅಲ್ಲಿ ಒಲೆಗಳೂ ಬೆಂಕಿಯ ಕುಣಿಗಳೂ ದನ, ಕುರಿ, ಆಡು, ಹಂದಿಗಳ ಮೂಳೆಗಳೂ ದೊರೆತುವೆಂಬುದು ಅಷ್ಟು ಪ್ರಸಿದ್ಧವಾಗಿಲ್ಲ. ಕೆಲವು ಕುಣಿಗಳನ್ನು ರಾಯರು ಯಜ್ಞಕುಂಡಗಳೆಂದು ಅರ್ಥೈಸಿದರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ಹರಪ್ಪಾ ಜನರ ಇನ್ನೊಂದು ಪಾತ್ರೆಯೂ ಕುತೂಹಲಕರವಾದದ್ದು. ಅದು ಮೈತುಂಬ ತೂತುಗಳುಳ್ಳ ಉದ್ದನೆಯ ಮಡಕೆ. ಅದು ಸೋಸುವ ಪಾತ್ರೆ ಎಂದು ಕೆಲವರು, ಕೆಂಡ ತುಂಬಿಡುವ ಅಗ್ಗಿಷ್ಟಿಕೆ ಎಂದು ಕೆಲವರು. ತೀರ್ಪು ಏನೇ ಆಗಲಿ, ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಈ ನೆಲದಲ್ಲಿ ಮಾಂಸ ಬೇಯುತ್ತಿತ್ತೆಂಬುದಕ್ಕೆ ಮೂಳೆಗಳೇ ಸಾಕ್ಷಿ.

ಹಾಗಾದರೆ ಗುಜರಾತು ಸಸ್ಯಾಹಾರಿಗಳ ನಾಡೆಂಬ ಹೆಸರು ಬಂದದ್ದು ಹೇಗೆ? ಅದಕ್ಕೂ ಇತಿಹಾಸವಿದೆ. ಕ್ರಿ.ಶ. ೧೨ನೆಯ ಶತಮಾನದ ಮಧ್ಯಭಾಗದಲ್ಲಿ ಪಾಟಣದಿಂದ ಆಳಿದ ಕುಮಾರಪಾಲನು ಜೈನಾಚಾರ್ಯ ಹೇಮಚಂದ್ರರ ಪ್ರಭಾವಕ್ಕೆ ಒಳಗಾಗಿ ತನ್ನ ರಾಜ್ಯದಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದನು. ಜೈನ ಮತ್ತು ವೈಷ್ಣವ ವರ್ತಕರ ಬಾಳ್ವೆ ಆ ಒಲವನ್ನು ಶತಮಾನಗಳ ಕಾಲ ಕಾಪಾಡಿತು. ಅದು ಗೌರವಿಸಬೇಕಾದ ಪರಂಪರೆ. ಆದರೆ ಗುಜರಾತಿನ ಪರಂಪರೆ ಅದೊಂದೇ ಆಗಿರಲಿಲ್ಲ. ಅಹಮದಾಬಾದಿನ ಹಳೆಯ ಪೇಟೆಯಲ್ಲಿ, ತೀನ್ ದರವಾಜಾದ ಬಳಿ, ಭಠಿಯಾರ ಗಲ್ಲಿ ಇಂದಿಗೂ ಇದೆ. ಭಠಿಯಾರರೆಂದರೆ ದಾರಿಹೋಕರಿಗೆ ಅಡಿಗೆ ಮಾಡಿ ಹಾಕುತ್ತಿದ್ದವರು. ಸಂಜೆಯಾದರೆ ಅಲ್ಲಿ ಕಂಬಿಗೆ ಪೋಣಿಸಿದ ಮಾಂಸದ ತುಂಡುಗಳು ಇದ್ದಿಲ ಕೆಂಡದ ಮೇಲೆ ಚುರುಗುಡುತ್ತವೆ. ೨೦೧೪ರ ಮಾದರಿ ನೋಂದಣಿ ಪದ್ಧತಿಯ ವರದಿಯ ಪ್ರಕಾರ ಗುಜರಾತಿನಲ್ಲಿ ಹದಿನೈದು ವರ್ಷ ತುಂಬಿದವರ ಪೈಕಿ ನೂರಕ್ಕೆ ಸುಮಾರು ೩೯ ಮಂದಿ ಮಾಂಸಾಹಾರಿಗಳು. ಕರ್ನಾಟಕದಲ್ಲಿ ಈ ಸಂಖ್ಯೆ ಸುಮಾರು ೭೯.

ವಡೋದರಾ: ಅರಸನ ಅಡಿಗೆಮನೆ ಅಚ್ಚಾದ ಊರು

ಕುಮಾರಪಾಲನು ಪಟ್ಟಕ್ಕೆ ಬರುವುದಕ್ಕೆ ಕೆಲವೇ ವರ್ಷಗಳ ಮುಂಚೆ ನಮ್ಮ ಕಡೆ ಏನು ನಡೆದಿತ್ತು? ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ ಆಗ ಕಲ್ಯಾಣ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಅಲ್ಲಿ ಅರಸನಾಗಿದ್ದನು. ಭೂಲೋಕಮಲ್ಲ, ಸರ್ವಜ್ಞಚಕ್ರವರ್ತಿ ಎಂಬವು ಅವನ ಬಿರುದುಗಳು. ಸುಮಾರು ೧೧೩೦ರಲ್ಲಿ ಅವನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಮಹಾಗ್ರಂಥವನ್ನು ರಚಿಸಿದನು. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳು, ಒಂದೊಂದರಲ್ಲಿಯೂ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ರಾಜನೀತಿಯಿಂದ ಹಿಡಿದು ಆನೆ, ಕುದುರೆ, ಸಂಗೀತ, ಚಿತ್ರಕಲೆ, ಆಟಪಾಟಗಳ ತನಕ ಅರಸನಾದವನು ತಿಳಿದಿರಬೇಕಾದದ್ದೆಲ್ಲ ಅದರಲ್ಲಿದೆ. ಮೂರನೆಯ ವಿಂಶತಿಯಲ್ಲಿ ಬರುವ 'ಅನ್ನಭೋಗ' ಎಂಬ ಭಾಗ ಅಡಿಗೆಗೆ ಮೀಸಲು.

ಆ ಭಾಗದಲ್ಲಿ ನಮ್ಮ ಇಡ್ಲಿಯ ಪೂರ್ವಜನಾದ 'ಇಡ್ಡರಿಕಾ' ಇದೆ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಪುಟಗಳ ಅಕ್ಕಪಕ್ಕದಲ್ಲಿರುವ ಮಾಂಸದ ಅಡಿಗೆಗಳನ್ನು ಹೇಳುವುದು ಕಡಿಮೆ. ಮಾಂಸದ ತುಂಡುಗಳಿಗೆ ತೂತು ಕೊರೆದು, ಮಸಾಲೆ ತುಂಬಿ, ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡುವ 'ಭಡಿತ್ರ' ಅಲ್ಲಿದೆ. ಪಿತ್ತಕೋಶದ ಪಕ್ಕದ ಕಾಳಿಜವನ್ನು ಅಡಿಕೆಯ ಗಾತ್ರಕ್ಕೆ ಕೊಯ್ದು, ಕೆಂಡದಲ್ಲಿ ಸುಟ್ಟು, ಮಸಾಲೆಯೊಡನೆ ಹುರಿದು, ಕೊನೆಗೆ ಮೊಸರಿಗೋ ಸಾಸಿವೆಯ ರಸಕ್ಕೋ ಹಾಕುವ ವಿಧಾನವಿದೆ. ಕರುಳಿನ ಕೊಳವೆಯಲ್ಲಿ ಮಜ್ಜೆ ಮಸಾಲೆ ತುಂಬಿ ಇದ್ದಿಲ ಮೇಲೆ ಸುಡುವ 'ಮಂಡಲೀಯ' ಇದೆ. ಹಂದಿಯ ರೋಮ ಬಿಡಿಸಲು ಕುದಿನೀರನ್ನು ಹೊಯ್ಯಬೇಕೋ ಹುಲ್ಲಿನ ಉರಿಯಲ್ಲಿ ಸುಡಬೇಕೋ ಎಂಬ ವಿವರವೂ ಇದೆ. ಹೊಲದ ಇಲಿ, ಆಮೆ, ಏಡಿಗಳನ್ನೂ ಅರಸನು ಬಿಟ್ಟಿಲ್ಲ. ಇದನ್ನು ಬರೆದವನ ಕೈ, ಅಥವಾ ಅವನಿಗೆ ಹೇಳಿಕೊಟ್ಟ ಬಾಣಸಿಗನ ಕೈ, ಕೆಂಡದ ಹದವನ್ನು ಬಲ್ಲ ಕೈ ಎಂಬುದರಲ್ಲಿ ಸಂದೇಹವಿಲ್ಲ.

ಈ ಗ್ರಂಥ ನಮಗೆ ಅಚ್ಚಿನಲ್ಲಿ ದೊರೆತದ್ದು ಎಲ್ಲಿಂದ? ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಇದರ ಒಂದು ಭಾಗವನ್ನು ಹೊರತಂದರು. ಮೂರು ಸಂಪುಟಗಳಲ್ಲಿ ಅದು ಹೊರಬಂದದ್ದು ನಮ್ಮ ಈ ವಡೋದರೆಯಲ್ಲಿ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಆರಂಭವಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ, ಜಿ. ಕೆ. ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ, ಮೊದಲ ಸಂಪುಟ ೧೯೨೫ರಲ್ಲಿ, ಎರಡನೆಯದು ೧೯೩೯ರಲ್ಲಿ, ಮೂರನೆಯದು ೧೯೬೧ರಲ್ಲಿ ಪ್ರಕಟವಾದವು. ಅಡಿಗೆಯ ಭಾಗವಿರುವುದು ಎರಡನೆಯ ಸಂಪುಟದಲ್ಲಿ. ಅದು ಅಚ್ಚಾದ ೧೯೩೯ರಲ್ಲೇ ಸಯಾಜಿರಾಯರು ಕಾಲವಾದರು. ಆ ಪ್ರಾಚ್ಯವಿದ್ಯಾ ಮಂದಿರ ಈಗ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಅಂಗವಾಗಿದೆ. ಕನ್ನಡದ ಅರಸನು ಕಲ್ಯಾಣದಲ್ಲಿ ಉಂಡ ಸುಟ್ಟ ಮಾಂಸದ ಲೆಕ್ಕವನ್ನು ಗುಜರಾತಿನ ಊರೊಂದು ಜೋಪಾನವಾಗಿ ಅಚ್ಚು ಹಾಕಿಸಿ ನಮಗೆ ಮರಳಿಸಿದೆ. ವಡೋದರೆಯ ಕನ್ನಡಿಗರಾದ ನಾವು ಇದನ್ನು ಎಷ್ಟು ಮಂದಿ ಬಲ್ಲೆವು?

ಕರ್ನಾಟಕವೂ ಏಕನಾದದ ನಾಡಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಸೋಮೇಶ್ವರನ ಅದೇ ಕಲ್ಯಾಣದಲ್ಲಿ, ಅವನ ಅನಂತರದ ಕೆಲವೇ ದಶಕಗಳಲ್ಲಿ, ಬಸವಣ್ಣನವರು ದಯೆಯನ್ನು ಧರ್ಮದ ಮೂಲವಾಗಿಸಿದರು. ೧೬ನೆಯ ಶತಮಾನದ ಆರಂಭದಲ್ಲಿ ಜೈನ ಕವಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ' ಪೂರ್ಣ ಸಸ್ಯಾಹಾರದ ಗ್ರಂಥ. ಹೀಗೆ ಅರಸನ ಮಾಂಸದಡಿಗೆ ಸಂಸ್ಕೃತದಲ್ಲಿ ಉಳಿಯಿತು, ಸಸ್ಯಾಹಾರದ ಅಡಿಗೆ ಕನ್ನಡದಲ್ಲಿ ಉಳಿಯಿತು. ಸಾಮಾನ್ಯರ ಒಲೆಯ ಮೇಲೆ ಬೆಂದದ್ದನ್ನು ಬರೆದಿಟ್ಟವರು ವಿರಳ.

ಸೂರತ್: ಬೋರಲು ಮಡಕೆ

ಸೂರತ್ತಿಗೆ ೧೬೮೯ರಲ್ಲಿ ಬಂದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್ ತನ್ನ ಪ್ರವಾಸದ ಪುಸ್ತಕವನ್ನು ೧೬೯೬ರಲ್ಲಿ ಪ್ರಕಟಿಸಿದ. ಅಲ್ಲಿಯ ಇಂಗ್ಲಿಷರ ಕೋಠಿಯಲ್ಲಿ ಇಂಗ್ಲಿಷ್, ಪೋರ್ಚುಗೀಸ್ ಮತ್ತು ಭಾರತೀಯ ಅಡಿಗೆಯವರು ಇದ್ದರೆಂದು ಅವನು ಹೇಳುತ್ತಾನೆ. ಸಣ್ಣ ತುಂಡುಗಳಾಗಿ ಕೊಯ್ದ ಮಾಂಸಕ್ಕೆ ಉಪ್ಪು ಮೆಣಸು ಹಾಕಿ, ಎಣ್ಣೆ ಬೆಳ್ಳುಳ್ಳಿ ಸವರಿ, ನಡುನಡುವೆ ಪರಿಮಳದ ಸೊಪ್ಪಿಟ್ಟು ಕಂಬಿಯಲ್ಲಿ ಸುಡುವ ಕಬಾಬನ್ನೂ ವರ್ಣಿಸುತ್ತಾನೆ. ಹೆಸರು ಬೇರೆ, ಕಾಲ ಬೇರೆ, ವಿಧಾನ ಮಾತ್ರ ಕಲ್ಯಾಣದ ಭಡಿತ್ರಕ್ಕೆ ಅಣ್ಣತಮ್ಮನಂತಿದೆ.

ಇವೆಲ್ಲ ತೆರೆದ ಕೆಂಡದ ಮಾತಾಯಿತು. ಮುಚ್ಚಿದ ಕೆಂಡದ ವಿದ್ಯೆಗೆ ಸೂರತ್ತಿನಿಂದ ದಕ್ಷಿಣಕ್ಕೆ, ನವಸಾರಿ ವಲಸಾಡದ ಕಡೆಗೆ, ಚಳಿಗಾಲದಲ್ಲಿ ಒಮ್ಮೆ ಹೋಗಿಬರಬೇಕು. ಡುಂಗ್ರಿಯ ಆಸುಪಾಸಿನಲ್ಲಿ ಹೆದ್ದಾರಿಯ ಬದಿಗೆ 'ಉಂಬಾಡಿಯು' ಮಾರುವ ಅಂಗಡಿಗಳ ಸಾಲೇ ಇದೆ. ಮಣ್ಣಿನ ಮಡಕೆಯೊಳಗೆ ಸುವಾಸನೆಯ ಕಾಡುಸೊಪ್ಪು ಹಾಸಿ, ಅವರೆಯ ಜಾತಿಯ ಪಾಪಡಿ, ಗೆಣಸು, ನೇರಳೆ ಬಣ್ಣದ ರತಾಳು, ಬಟಾಟೆಗಳಿಗೆ ಹಸಿ ಬೆಳ್ಳುಳ್ಳಿ, ಮೆಣಸಿನಕಾಯಿ, ಶುಂಠಿ, ಓಮಗಳ ಮಸಾಲೆ ಹಚ್ಚಿ ತುಂಬುತ್ತಾರೆ. ಬಾಯಿಗೆ ಅದೇ ಸೊಪ್ಪನ್ನು ಗಿಡಿದು, ಮಡಕೆಯನ್ನು ಬೋರಲು ಹಾಕಿ, ಸುತ್ತಲೂ ಬೆರಣಿ, ಕಟ್ಟಿಗೆ, ಒಣಎಲೆ ಒಟ್ಟಿ ಬೆಂಕಿ ಕೊಡುತ್ತಾರೆ. ನೀರಿಲ್ಲ, ಎಣ್ಣೆಯಿಲ್ಲ. ಸೊಪ್ಪಿನ ಆವಿ, ಮಣ್ಣಿನ ಶಾಖ, ಹೊಗೆಯ ಸೋಂಕು ಇಷ್ಟರಲ್ಲೇ ಎಲ್ಲವೂ ಬೇಯುತ್ತದೆ. ಸೂರತ್ತಿನ ಸುಪ್ರಸಿದ್ಧ ಊಂಧಿಯು ಇದರದೇ ಬಂಧು. 'ಊಂಧು' ಎಂದರೆ ಗುಜರಾತಿಯಲ್ಲಿ ಬೋರಲು. ಇಂದು ಉತ್ತರಾಯಣದಂದು ಅದನ್ನು ಪಾತ್ರೆಯಲ್ಲಿ ಎಣ್ಣೆ ಹಾಕಿ ಮಾಡಿದರೂ ಹೆಸರು ಮಾತ್ರ ಹಳೆಯ ಬೋರಲು ಮಡಕೆಯನ್ನು ಮರೆತಿಲ್ಲ. ಇದೇ ಸೀಮೆಯ ಪಾರಸಿಗಳು ಇಂಥ ಮಡಕೆಯೊಳಗೆ ತರಕಾರಿಯ ಜೊತೆ ಮಾಂಸವನ್ನೂ ಇಡುತ್ತಾರೆ. ಅಲ್ಲಿಗೆ ಕೆಟಲಿನ ತತ್ತ್ವ ಪೂರ್ಣವಾಯಿತು.

ಸೂರತ್ತಿನ ಚಳಿಗಾಲದ 'ಪೋಂಕ್' ಕಂಡಾಗ ವಿಜಾಪುರ, ಕಲಬುರ್ಗಿ, ಧಾರವಾಡದ ಕಡೆಯ ಬಂಧುಗಳಿಗೆ ಕಣ್ಣು ತುಂಬಿಬಂದರೆ ಆಶ್ಚರ್ಯವಿಲ್ಲ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಆ ಹಸಿರು ಕಾಳು ನಮ್ಮ ಸೀತನಿಯೇ. ಇನ್ನು ನೆರೆಯವರು ಅಗ್ಗಿಷ್ಟಿಕೆಗೆ 'ಸಗಡಿ' ಎಂದಾಗ ಉತ್ತರ ಕರ್ನಾಟಕದವರಿಗೆ ತಮ್ಮ ಶೆಗಡಿ ನೆನಪಾಗುತ್ತದೆ, ಕರಾವಳಿಯವರಿಗೆ ಸಿಗಡಿ ಮೀನು ನೆನಪಾಗುತ್ತದೆ!

ನಮ್ಮ ಮನೆಯ ಹೊಗೆ

ಹೊಗೆಯಲ್ಲಿ ಮಾಂಸವನ್ನು ಕಾಪಿಡುವ ವಿದ್ಯೆಗೆ ಕರ್ನಾಟಕದ ಮಳೆಯೇ ಗುರು. ಕೊಡಗಿನಲ್ಲಿ ಜೂನಿನಿಂದ ತಿಂಗಳುಗಟ್ಟಲೆ ಬಿಸಿಲು ಕಾಣದು. ಹಾಗಾಗಿ ಅಲ್ಲಿಯ ಮನೆಗಳಲ್ಲಿ ಉಪ್ಪು ಅರಿಸಿನ ಸವರಿದ ಮಾಂಸದ ಪಟ್ಟಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕುತ್ತಿದ್ದರು. ಕೆಳಗೆ ದಿನವೂ ಅಡಿಗೆಯ ಬೆಂಕಿ, ಮೇಲೆ ಮೆಲ್ಲಗೆ ಒಣಗುವ ಮಾಂಸ. ಉಪ್ಪು ನೀರನ್ನು ಹೀರುತ್ತದೆ, ಬಿಸಿಗಾಳಿ ಒಣಗಿಸುತ್ತದೆ, ಹೊಗೆಯಲ್ಲಿರುವ ರಾಸಾಯನಿಕಗಳು ಹುಳುಹುಪ್ಪಟೆಯನ್ನೂ ಕೊಳೆತವನ್ನೂ ತಡೆಯುತ್ತವೆ. ಹಳೇ ಮೈಸೂರಿನ ಬಯಲುಸೀಮೆಯಲ್ಲಿ ಬಿಸಿಲು ಧಾರಾಳ. ಅಲ್ಲಿ ಬಡವರ ಮನೆಯ ಕೊರಬಾಡು ಬಿಸಿಲಿನಲ್ಲೇ ಒಣಗುತ್ತಿತ್ತು. ಹಬ್ಬದ ಕಾಲದಲ್ಲಿ ಕುರಿಯ ತಲೆಕಾಲುಗಳನ್ನು ಇದ್ದಿಲ ತಿದಿಯ ಮುಂದೆ ಸುಟ್ಟುಕೊಡುವವರು ಬೆಂಗಳೂರು ಮೈಸೂರುಗಳ ಬೀದಿಯಲ್ಲಿ ಇಂದಿಗೂ ಕೂರುತ್ತಾರೆ.

ಈ ವಿದ್ಯೆಗಳಿಗೆ ಸೋಮೇಶ್ವರನಂಥ ಗ್ರಂಥಕರ್ತ ಸಿಗಲಿಲ್ಲ. ಅನಿಲದ ಒಲೆ ಬಂತು, ಅಟ್ಟ ಹೋಯಿತು. ಅಟ್ಟದೊಡನೆ ಯಾವ ಕಟ್ಟಿಗೆ, ಎಷ್ಟು ಎತ್ತರ, ಎಷ್ಟು ದಿನ ಎಂಬ ಲೆಕ್ಕವೂ ಹೋಗುತ್ತಿದೆ.

ಕೆಟಲನ್ನು ಹೂಡುವ ಬಗೆ

ಮೇಲಿನ ಇತಿಹಾಸವನ್ನು ಬಲ್ಲವರಿಗೆ ಕೆಟಲನ್ನು ಹೂಡುವುದು ಕಷ್ಟವಲ್ಲ. ಭಡಿತ್ರಕ್ಕೆ ಮಾಂಸ ಕೆಂಡದ ನೇರ ಮೇಲಿರಬೇಕು. ಹೊಗೆಯ ಅಡಿಗೆಗೆ ಮಾಂಸ ಕೆಂಡದ ಪಕ್ಕಕ್ಕೆ ಸರಿಯಬೇಕು. ಭೇದವಿರುವುದು ಇಷ್ಟೇ.

ಮೊದಲು ಇದ್ದಿಲು. ಗುಜರಾತಿನಲ್ಲಿ ಸಿಗುವ ಇದ್ದಿಲಿನಲ್ಲಿ ಬಹುಪಾಲು 'ಗಾಂಡೊ ಬಾವಳ'ದ್ದು, ಅಂದರೆ ಹುಚ್ಚು ಜಾಲಿಯದು. ಉಪ್ಪುನೆಲ ಹರಡುವುದನ್ನು ತಡೆಯಲೆಂದು ೧೯೬೦ರ ದಶಕದ ಆರಂಭದಲ್ಲಿ ಕಚ್ಛಿನ ಬನ್ನಿ ಹುಲ್ಲುಗಾವಲಿನಲ್ಲಿ ಅರಣ್ಯ ಇಲಾಖೆ ನೆಟ್ಟ ಈ ಮರ ಅನಂತರ ಹುಲ್ಲುಗಾವಲನ್ನೇ ನುಂಗತೊಡಗಿತು. ಈಗ ಅಲ್ಲಿ ಅದನ್ನು ಸುಟ್ಟು ಇದ್ದಿಲು ಮಾಡುವುದೇ ಅನೇಕರ ಜೀವನೋಪಾಯ. ಇದು ನಮಗೆ ಹೊಸ ಮರವೇನಲ್ಲ. ನಮ್ಮ ಬಳ್ಳಾರಿ ಜಾಲಿಯೇ ಇದು. ಗಟ್ಟಿಯಾದ ಇದ್ದಿಲು, ಬಹಳ ಹೊತ್ತು ಕಾವು ಕೊಡುತ್ತದೆ.

ಇದ್ದಿಲನ್ನು ಕೆಳಜಾಲರಿಯ ಒಂದೇ ಬದಿಗೆ ಗುಡ್ಡೆ ಹಾಕಬೇಕು. ಮೂರರಲ್ಲಿ ಒಂದು ಪಾಲನ್ನು ಬೇರೆಯಾಗಿ ಹೊತ್ತಿಸಿ, ಮೇಲೆ ಬೂದಿ ಕಟ್ಟಿದ ಮೇಲೆ ಗುಡ್ಡೆಯ ಅಂಚಿಗೆ ಸುರಿದರೆ ಉಳಿದದ್ದು ನಿಧಾನವಾಗಿ ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಹಾಕಬಾರದು, ವಾಸನೆ ಮಾಂಸಕ್ಕೆ ಅಂಟುತ್ತದೆ. ಇನ್ನೊಂದು ಬದಿಗೆ ಅಗಲವಾದ ತಟ್ಟೆಯಲ್ಲಿ ನೀರಿಡಬೇಕು. ಅದು ತೊಟ್ಟಿಕ್ಕುವ ಕೊಬ್ಬನ್ನು ಹಿಡಿಯುತ್ತದೆ, ಶಾಖದ ಏರಿಳಿತವನ್ನು ತಗ್ಗಿಸುತ್ತದೆ. ಉಂಬಾಡಿಯುವಿನಲ್ಲಿ ಹಸಿಸೊಪ್ಪು ಕೊಡುವ ತೇವವನ್ನು ಇಲ್ಲಿ ಈ ನೀರು ಕೊಡುತ್ತದೆ. ಹಿಂದಿನ ರಾತ್ರಿಯೇ ಉಪ್ಪು ಸವರಿಟ್ಟ ಮಾಂಸ ನೀರಿನ ತಟ್ಟೆಯ ನೇರಕ್ಕೆ ಮೇಲಿನ ಜಾಲರಿಯಲ್ಲಿ ಕೂರುತ್ತದೆ. ಕೆಂಡದ ಮೇಲೆ ಮಾವು ಅಥವಾ ಪೇರಲದ ಒಣಗಿದ ತುಂಡು ಎರಡೇ ಸಾಕು. ಬಣ್ಣ ಬಳಿದ ಹಲಗೆ, ಹಳೆಯ ಪೆಟ್ಟಿಗೆಯ ಚೂರು ಕೂಡದು.

ಮುಚ್ಚಳವನ್ನು ಇಡುವಾಗ ಅದರ ಗಾಳಿಕಂಡಿ ಮಾಂಸದ ಮೇಲೆ ಬರುವಂತಿರಲಿ. ಹಾಗಿದ್ದರೆ ಹೊಗೆ ಮಾಂಸವನ್ನು ದಾಟಿಕೊಂಡೇ ಹೊರಹೋಗುತ್ತದೆ. ಶಾಖವನ್ನು ಕೆಳಗಿನ ಕಂಡಿಯಿಂದ ಆಳಬೇಕು. ಮೇಲಿನ ಕಂಡಿಯನ್ನು ಪೂರ್ತಿ ಮುಚ್ಚಿದರೆ ಹೊಗೆ ಒಳಗೇ ಕೊಳೆತು ಕಹಿಯಾಗುತ್ತದೆ. ಒಳಗಿನ ಶಾಖ ೧೧೦ರಿಂದ ೧೩೦ ಡಿಗ್ರಿ ಸೆಂಟಿಗ್ರೇಡ್ ಇರಲಿ. ದಟ್ಟ ಬಿಳಿ ಹೊಗೆ ಬೇಡ, ತೆಳುವಾಗಿ ನೀಲಿಗಟ್ಟಿದ ಹೊಗೆಯೇ ಹದ. ಇಡೀ ಕೋಳಿಗೆ ಎರಡು ಮೂರು ಗಂಟೆ, ಕುರಿಯ ಭುಜಕ್ಕೆ ಐದಾರು ಗಂಟೆ ಹಿಡಿಯಬಹುದು. ಗಡಿಯಾರವನ್ನು ನಂಬದೆ ತಾಪಮಾಪಕದ ಕಡ್ಡಿಯನ್ನು ನಂಬಿರಿ. ಕೋಳಿಯ ಮಾಂಸದ ಒಳಗೆ ೭೪ ಡಿಗ್ರಿ ಮುಟ್ಟಿರಬೇಕು. ಪದೇ ಪದೇ ಮುಚ್ಚಳ ತೆಗೆದು ನೋಡಬಾರದು. ಬೋರಲು ಮಡಕೆಯನ್ನು ಯಾರೂ ನಡುವೆ ಎತ್ತಿ ನೋಡುವುದಿಲ್ಲವಷ್ಟೆ.

ಎರಡು ಎಚ್ಚರಿಕೆಗಳಿವೆ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಅದು ಪ್ರಾಣವನ್ನೇ ತೆಗೆಯಬಲ್ಲದು. ಕೋಣೆಯಲ್ಲಾಗಲಿ ಮುಚ್ಚಿದ ಬಾಲ್ಕನಿಯಲ್ಲಾಗಲಿ ಎಂದಿಗೂ ಹೊತ್ತಿಸಬಾರದು. ಎರಡನೆಯದು ನೆರೆಹೊರೆಯ ಮಾತು. ಹೊಗೆ ಗೋಡೆಯನ್ನು ಅರಿಯದು. ಪರ್ಯೂಷಣದ ದಿನಗಳಲ್ಲಿ ಉಪವಾಸವಿರುವವರ ಕಿಟಕಿಗೆ ನಮ್ಮ ಹೊಗೆ ಹೋಗುವುದು ತರವಲ್ಲ. ಊರಾಚೆಯ ತೋಟವೋ ನದಿಯ ದಡವೋ ಸಿಕ್ಕರೆ ಇನ್ನೂ ಉತ್ತಮ. ಇದು ನೆರೆಯವರ ಮೇಲಿನ ವಿಶ್ವಾಸದ ಮಾತು. ನಮ್ಮ ಊಟಕ್ಕೆ ನಾವು ನಾಚಬೇಕೆಂದು ಇದರ ಅರ್ಥವಲ್ಲ.

ಮಕ್ಕಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಆ ದುಂಡನೆಯ ಪಾತ್ರೆ ಷಿಕಾಗೋದ್ದು. ಕಂಬಿಯ ಮೇಲೆ ಸುಡುವುದು ಕಲ್ಯಾಣದಲ್ಲಿತ್ತು, ಮುಚ್ಚಿ ಬೇಯಿಸುವುದು ವಲಸಾಡದ ಹಾದಿಬದಿಯಲ್ಲಿ ಇಂದಿಗೂ ಇದೆ, ಹೊಗೆಯಲ್ಲಿಡುವುದು ಕೊಡಗಿನ ಅಟ್ಟದಲ್ಲಿತ್ತು. ಕಲ್ಯಾಣದ್ದು ಪುಸ್ತಕದಲ್ಲಿ ಉಳಿಯಿತು, ವಲಸಾಡದ್ದು ಬಳಕೆಯಲ್ಲಿ ಉಳಿಯಿತು. ನಮ್ಮ ಅಜ್ಜಿಯರ ವಿದ್ಯೆ ಪುಸ್ತಕದಲ್ಲೂ ಇಲ್ಲ, ಬಳಕೆಯಿಂದಲೂ ಜಾರುತ್ತಿದೆ.

ಆದ್ದರಿಂದ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ನಿಮ್ಮ ಮನೆಯಲ್ಲಿ ಒಲೆಯ ಮೇಲಿನ ಅಟ್ಟವನ್ನು ಕಂಡವರು, ಕೊರಬಾಡು ಒಣಹಾಕಿದವರು, ಕೆಂಡದಲ್ಲಿ ಮೀನು ಸುಟ್ಟವರು ಇದ್ದರೆ ಅವರನ್ನು ಕೂರಿಸಿಕೊಂಡು ಕೇಳಿ. ಯಾವ ಕಟ್ಟಿಗೆ, ಎಷ್ಟು ಉಪ್ಪು, ಎಷ್ಟು ದಿನ, ಅದಕ್ಕೆ ಆ ಊರಿನಲ್ಲಿ ಏನು ಹೆಸರು ಎಂಬುದನ್ನು ಅವರ ಮಾತಿನಲ್ಲೇ ಬರೆದು ಪತ್ರಿಕೆಗೆ ಕಳಿಸಿ. ಬರೆಯಲು ಬಾರದ ಹಿರಿಯರ ದನಿಯನ್ನು ಮುದ್ರಿಸಿ ಕಳಿಸಿದರೂ ನಾವು ಬರೆದುಕೊಳ್ಳುತ್ತೇವೆ. ಅಡಿಗೆ ಸಸ್ಯದ್ದಿರಲಿ, ಮಾಂಸದ್ದಿರಲಿ, ಕನ್ನಡದ ಮನೆಯದ್ದಾಗಿದ್ದರೆ ಇಲ್ಲಿ ಅದಕ್ಕೆ ಸ್ಥಳವಿದೆ.